ದೇಶದ ಸೋಗು

ಅವರ ಮುಖದಲ್ಲಿ ಹುಬ್ಬೇ ಇರಲಿಲ್ಲ. ಹುಟ್ಟಿನಿಂದ ಬಂದ ಊನವಲ್ಲ. ಕತ್ತಿ ಹಿಡಿದು ತಾವೇ ಬೋಳಿಸಿಕೊಳ್ಳುತ್ತಿದ್ದರು. ಆ ಬೋಳು ಜಾಗದ ಮೇಲೆ ಕಾಡಿಗೆಯಿಂದ ಒಂದು ದಿನ ಫೌಜುದಾರನ ಗಂಟಿಕ್ಕಿದ ಹುಬ್ಬು, ಮರುದಿನ ಮದುಮಗಳ ಸಣ್ಣ ಹುಬ್ಬು ಮೂಡುತ್ತಿದ್ದವು. ಬಣ್ಣವಿಲ್ಲದಾಗ ಆ ಮುಖ ಸದಾ ಬೆರಗುಪಟ್ಟಂತೆ ಕಾಣುತ್ತಿತ್ತು. ಎಳೆಯ ಮಕ್ಕಳು ಹೆದರುತ್ತಿದ್ದದ್ದು ಅವರ ಸೋಗಿಗಲ್ಲ, ಆ ಬರಿ ಮುಖಕ್ಕೆ.

ಔರಾದದ ಕಡೆಯಿಂದ ಬರುತ್ತಿದ್ದ ಬಹುರೂಪಿ ಅವರು. ನಾವು ಸೋಗಿನ ಕಾಕಾ ಎನ್ನುತ್ತಿದ್ದೆವು. ವರ್ಷಕ್ಕೊಮ್ಮೆ, ಬಿಳಿಜೋಳದ ರಾಶಿಯಾದ ಮೇಲೆ, ಮೆಹಕರದ ಹತ್ತಿರದ ನಮ್ಮೂರಿಗೆ ಬಂದು ದಿನಕ್ಕೊಂದು ಸೋಗು ಹಾಕಿ ಮನೆ ಮನೆ ತಿರುಗುವರು. ಕೊನೆಯ ದಿನ ಸ್ವಂತ ಮುಖದಲ್ಲಿ ಬಂದು ಜೋಳ ಕೇಳುವರು. ನಡುವೆ ಒಂದೇ ಕಟ್ಟಳೆ: ಬಣ್ಣ ಒರೆಸುವ ತನಕ ಅವರು ಕಾಕಾ ಅಲ್ಲ, ಆ ಸೋಗಿನ ಮನುಷ್ಯನೇ. ಊರೂ ಹಾಗೆಯೇ ನಡೆದುಕೊಳ್ಳಬೇಕು. ಒಮ್ಮೆ ಡಾಕ್ಟರನಾಗಿ ಬಂದು ಪಾಟೀಲರಿಗೇ "ನಾಲಗಿ ಚಾಚ್ರಿ" ಅಂದಿದ್ದರು. ಪಾಟೀಲರು ಚಾಚಿದರು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ನಮ್ಮ ಓಣಿಗೆ ಮಾತ್ರ ಕಟ್ಟಕಡೆಗೆ ಬರುತ್ತಿದ್ದರು. ಪಾಟೀಲರ ವಾಡೆ ಮೊದಲು, ಊರ ಹೊರಗಿನ ನಾವು ಕೊನೆಗೆ. ದೂರ ನಿಂತು "ಬಾ, ಹೋಗು" ಎಂದೇ ಮಾತು. ಕೆಟ್ಟವರೆಂದಲ್ಲ. ಎಲ್ಲರೂ ನಮ್ಮ ಜೊತೆ ಹಾಗೆ ಮಾತಾಡುತ್ತಿದ್ದರು, ಅವರೂ ಮಾತಾಡುತ್ತಿದ್ದರು. ಬೀದರಿನ ಮಿಷನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತು ಸೊಸೆಯಾಗಿ ಬಂದಿದ್ದ ನನಗೆ ಅದು ಮೈಯೆಲ್ಲ ಉರಿಸುತ್ತಿತ್ತು.

ಮಳೆ ಮೇಲಿಂದ ಮೇಲೆ ಕೈಕೊಟ್ಟ ಆ ವರ್ಷಗಳಲ್ಲಿ ರಾಶಿಯೇ ಇರಲಿಲ್ಲ. ಆದರೂ ಕಾಕಾ ಬಂದರು. ಆ ಸಲ ಸೋಗು ಹಾಕುವ ಮೊದಲು ಊರೆಲ್ಲ ಒಂದೇ ಪ್ರಶ್ನೆ ಕೇಳುತ್ತ ತಿರುಗಿದರು: "ದೇಶ ಅನ್ನೂದು ಮನಷ್ಯಾ ಆಗಿ ಬಂದ್ರ ಹ್ಯಾಂಗ ಇರ್ತದ?" ಶಾಲೆಯ ಮಾಸ್ತರರು ಕ್ಯಾಲೆಂಡರ್ ತೋರಿಸಿ ಕಿರೀಟ, ಸಿಂಹ, ಜರಿ ಸೀರೆ ಎಂದರು. ಕಾಕಾ ಒಪ್ಪಲಿಲ್ಲ. "ಆ ಅವ್ವ ಗ್ವಾಡಿ ಮ್ಯಾಲ ಇರ್ತಾಳ್ರಿ, ಕೆಳಗ ಇಳಿಯಂಗಿಲ್ಲ. ನನಗ ನಡ್ಯಾಡೂ ದೇಶ ಬೇಕು."

ನಿಜಾಮರ ಕಾಲದಲ್ಲಿ ಚಪರಾಸಿಯಾಗಿದ್ದ ಮುದುಕರೊಬ್ಬರು ತಮ್ಮ ಹಳೆಯ ಶೇರವಾನಿ ಕೊಟ್ಟರು. ಕಾಕಾ ಅದನ್ನು ಅರ್ಧಕ್ಕೆ ಕತ್ತರಿಸಿ ಇನ್ನರ್ಧಕ್ಕೆ ಖಾದಿ ಜೋಡಿಸಿದರು. ಹೆಗಲ ಮೇಲೆ ಕೆಂಡ ಇಟ್ಟು ತೂತು ಸುಟ್ಟರು. "ಇದು ರಜಾಕಾರ ಗಲಾಟಿ ವರ್ಷದ್ದು. ಮೊದಲ ಒಂದ್ ಕಡೀ ಮನಿ ಸುಟ್ಟವು, ಆಮ್ಯಾಲ ಇನ್ನೊಂದ್ ಕಡೀವು. ಹೆಗಲ ಒಂದೇ." ಒಂದು ಕಾಲಿಗೆ ಇಂಗ್ರೇಜರು ಬಿಟ್ಟುಹೋದ ಬೂಟು, ಇನ್ನೊಂದು ಬರಿಗಾಲು. ಹಾಗಾಗಿ ದೇಶ ಕುಂಟುತ್ತಿತ್ತು. ಎದೆಯ ಮೇಲೆ ಕಾಗದದ ಬಾವುಟ. ನಮ್ಮ ಅತ್ತೆಯನ್ನೂ ಕೇಳಿದರು, ದೂರದಿಂದಲೇ. ಅತ್ತೆ ಕಸ ಗುಡಿಸುವುದನ್ನು ನಿಲ್ಲಿಸಿ, "ಒಂದ್ ಕಿವಿ ಮುಚ್ಕೊಳ್ರಿ. ದೇಶಕ್ಕ ವಾಡೇದವ್ರ ಮಾತು ಅಷ್ಟೇ ಕೇಳಸ್ತದ" ಅಂದರು. ಕಾಕಾ ನಕ್ಕು ಎಡಗಿವಿಗೆ ಅರಳೆ ತುರುಕಿಕೊಂಡರು.

ಅವರು ದೇಶವಾಗಿ ಹೊರಟ ದಿನವೇ ನಾವು ಊರು ಬಿಡುವವರಿದ್ದೆವು. ನನ್ನ ಗಂಡ ಕಟ್ಟಡದ ಕೆಲಸಕ್ಕೆಂದು ಮೊದಲೇ ಪುಣೆಗೆ ಹೋಗಿದ್ದ. ಪಾಟೀಲರಿಗೆ ಬಾವಿ ತೋಡಲು ಆಳು ಬೇಕಿತ್ತು. ನಮ್ಮ ಓಣಿಯವರು ಯಾರೂ ಊರು ಬಿಡಬಾರದೆಂದು ಹೇಳಿ ಕಳಿಸಿದ್ದರು. ಬಸ್ಸು ನಿಲ್ಲುವ ಜಾಗಕ್ಕೆ ವಾಡೆಯ ಮುಂದೆಯೇ ದಾರಿ. ಅಲ್ಲಿ ನಮ್ಮವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬೇಕು. ಹೀಗಾಗಿ ಉಳಿದವರೆಲ್ಲ ನಸುಕಿನಲ್ಲಿ ಹೊಲದ ದಾರಿ ಹಿಡಿದು ಹೋಗಿದ್ದರು. ಅತ್ತೆಯದು ಒಂದೇ ಹಟ: "ನಾ ಏನ್ ಕಳವು ಮಾಡೇನೇನು? ಬಿಸಿಲಾಗ, ನಾಕ ಮಂದಿ ನೋಡೂಹಂಗ ಹೋಗ್ತೇನಿ." ಆದರೆ ನಾನು ತುಂಬು ಬಸುರಿ, ಅವರಿಗೆ ಮೊಣಕಾಲು ನೋವು. ಕೌದಿಯ ಗಂಟನ್ನು ಅಂಗಳದಲ್ಲಿ ಇಟ್ಟುಕೊಂಡು, ಯಾರು ಹೊರಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದೆವು.

ಆಗ ದೇಶ ಕುಂಟುತ್ತ ಬಂತು.

"ಆಯಿ, ನಮಸ್ಕಾರ್ರಿ. ನಾ ದೇಶ ಇದ್ದೇನ್ರಿ."

ನಮಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಅತ್ತೆ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಅತ್ತೆಯ ಬಾಯಿಂದ 'ರಿ' ಉದುರಿಯೇ ಹೋಯಿತು. "ಬಂದ್ಯಾ? ಎಲ್ಲಾರ ಮನಿ ತಿರುಗಿ ಕಡೀಕ ಬಂದ್ಯಾ? ಎಲ್ಲಿ ಸತ್ತಿದ್ದಿ ಇಷ್ಟ ದಿನಾ?"

"ತಪ್ಪಾಯ್ತರಿ ಆಯಿ."

ಅತ್ತೆ ಮುಂದೆ ಹೋಗಿ ಅವರ ಕಿವಿಯ ಅರಳೆ ಕಿತ್ತು ಬಿಸಾಕಿದರು. "ಈಗ ಕೇಳು. ತಪ್ಪ ಆಗ್ಯದಂದ್ರ ಈ ಗಂಟ ಹೊರು. ನನ್ನ ಸೊಸಿ ಹೊಟ್ಟೀಲೆ ಇದ್ದಾಳ. ಬಸ್ಸಿನ ತನಕ ಹೊರು."

ಕಾಕಾ ಗಂಟನ್ನು ನೋಡಿದರು, ವಾಡೆಯ ದಿಕ್ಕಿಗೆ ನೋಡಿದರು. ಆ ಬರದಲ್ಲಿ ಪಾಟೀಲರ ಹಗೇವಿನಲ್ಲಿ ಮಾತ್ರ ಕಾಳು ಉಳಿದಿತ್ತು. ಮರುದಿನ ಜೋಳಕ್ಕೆಂದು ಕಾಕಾ ಕೈಚಾಚಬೇಕಾದದ್ದು ಅಲ್ಲಿಯೇ.

"ಬ್ಯಾಡ್ರಿ ಕಾಕಾ" ಅಂದೆ ನಾನು.

"ಕಾಕಾ ಯಾರ್ರಿ ಇಲ್ಲಿ?" ಎನ್ನುತ್ತ ಗಂಟನ್ನು ತಲೆಗೇರಿಸಿಕೊಂಡರು.

ಪಾಟೀಲರು ವಾಡೆಯ ಕಟ್ಟೆಯ ಮೇಲೆ ಕೂತಿದ್ದರು. ಅಷ್ಟು ಹಟದ ಅತ್ತೆಯೂ ರೂಢಿಯಂತೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದರು, ನಾನೂ ಹಿಡಿದೆ. ಮುಂದೆ ದೇಶದ ಬೂಟು ಟಕ್ ಟಕ್ ಎಂದು ನಡೆದೇ ಇತ್ತು.

"ಏ, ಇಳಸು ಗಂಟ," ಪಾಟೀಲರು ಗದರಿದರು. "ಎದಿಗಿ ಝಂಡಾ ಹಚ್ಕೊಂಡು ಇವ್ರ ಗಂಟ ಹೊರ್ತೀ? ದೇಶದ ಮರ್ಯಾದಿ ಏನ್ ಉಳೀತು?"

ಕಾಕಾ ನಿಂತರು. ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಅಂದರು: "ಪಾಟೀಲ, ಬಣ್ಣ ಒರಸೂತನಕ ನಾ ದೇಶ. ದೇಶ ಯಾರ ಗಂಟ ಹೊರಬೇಕಂತ ನೀ ಹೇಳ್ತೀಯೇನು?"

ಡಾಕ್ಟರನ ಮುಂದೆ ನಾಲಗೆ ಚಾಚಿದ್ದ ಪಾಟೀಲರು ಈ ಸಲ ನಗಲಿಲ್ಲ. "ನಾಳಿ ಸ್ವಂತ ಮಾರಿ ತಗೊಂಡು ಜ್ವಾಳಕ್ಕ ಬರ್ತೀಯಲ್ಲ, ಆಗ ನೋಡ್ತೇನಿ."

ಅತ್ತೆ ಕೈಲಿದ್ದ ಚಪ್ಪಲಿಗಳನ್ನು ನೆಲಕ್ಕೆ ಒಗೆದರು. ನಡುರಸ್ತೆಯಲ್ಲಿ, ಪಾಟೀಲರ ಕಣ್ಣೆದುರೇ, ಸಾವಕಾಶವಾಗಿ ಒಂದೊಂದೇ ಮೆಟ್ಟಿಕೊಂಡರು. ನನ್ನ ಕಡೆ ತಿರುಗಿ "ಮೆಟ್ಟು" ಅಂದರು. ನಾನೂ ಮೆಟ್ಟಿದೆ.

ಭಾಲ್ಕಿ ಬಸ್ಸಿನ ಮೇಲೆ ಗಂಟು ಏರಿಸಿ ಕಾಕಾ ಕೆಳಗಿಳಿದರು. ಬೆವರಿಗೆ ಕಾಡಿಗೆ ಕರಗಿ ಕೆನ್ನೆಗೆ ಇಳಿದಿತ್ತು. "ತಿರುಗಿ ಬರ್ರಿ ಆಯಿ" ಅಂದರು. "ನಾ ಬರ್ತೇನಿ. ನೀ ಇರು" ಅಂದರು ಅತ್ತೆ.

ನನ್ನ ಮಗ ಪುಣೆಯ ತಗಡಿನ ಶೆಡ್ಡಿನಲ್ಲಿ ಹುಟ್ಟಿದ. ಮಳೆಯಾಯಿತೆಂದು ಕೇಳಿ ನಾವು ಊರಿಗೆ ಬಂದಾಗ ಸೋಗಿನ ಕಾಕಾ ಬರುವುದು ನಿಂತಿತ್ತು. ರಾಶಿಯಾದದ್ದೇ ಅತ್ತೆ ಹೊಸ ಜೋಳ ಚೀಲಕ್ಕೆ ತುಂಬಿ, ನನ್ನನ್ನೂ ಮಗುವನ್ನೂ ಕರೆದುಕೊಂಡು ಔರಾದಕ್ಕೆ ಹೊರಟರು. ಮನೆ ಸಿಕ್ಕಿತು, ಕಾಕಾ ಸಿಗಲಿಲ್ಲ. ಆ ಬರದ ಬೇಸಿಗೆಯಲ್ಲೇ ಜ್ವರ ಬಂದು ತೀರಿಕೊಂಡಿದ್ದರು. ನಾವು ಬಸ್ಸು ಹತ್ತಿದ ಮರುದಿನ ಅವರು ವಾಡೆಗೆ ಹೋಗದೆ ನೇರವಾಗಿ ಮನೆಗೆ ಬಂದುಬಿಟ್ಟರಂತೆ. ಬಂದು ತಪ್ಪೊಪ್ಪಿಕೊಂಡು ಜೋಳ ಒಯ್ಯಲಿ ಎಂದು ಪಾಟೀಲರು ಔರಾದದ ತನಕ ಆಳು ಕಳಿಸಿದರಂತೆ.

"ಮನ್ಯಾಗ ಹಿಡಿ ಕಾಳ ಇರಲಿಲ್ರಿ," ಅವರ ಹೆಂಡತಿ ಹೇಳಿದರು. "ಹೋಗಿ ಬರ್ರಿ ಅಂತ ಬೇಡ್ಕೊಂಡೆ. ಮಾರಿ ತೊಳಕೊಂಡೇ ಕುಂತಿದ್ರು. ಆ ಆಳಿಗಿ ಏನಂದ್ರು ಗೊತ್ತದೇನ್ರಿ? 'ಹೋಗಿ ಹೇಳು, ನಾ ಇನ್ನಾ ಸೋಗು ಬಿಚ್ಚಿಲ್ಲ' ಅಂದ್ರು."

ಅತ್ತೆ ಆ ತಾಯಿಯ ಮೊರಕ್ಕೆ ಜೋಳ ಸುರಿದರು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ನಾನು ನರ್ಸಿಂಗ್ ಕಲಿತು ಬೀದರಿನಲ್ಲಿ ನೌಕರಿ ಮಾಡಿದೆ. ಅತ್ತೆ ಈಗಿಲ್ಲ. ಊರಿಗೆ ಹೋದಾಗಲೆಲ್ಲ ವಾಡೆಯ ಮುಂದೆಯೇ ಹಾದು ಹೋಗುತ್ತೇನೆ. ಪಾಟೀಲರ ಮೊಮ್ಮಗ ಒಳ್ಳೆಯ ಹುಡುಗ. "ಒಳಗ ಬರ್ರಿ ಸಿಸ್ಟರ್, ಚಹಾ ಕುಡದು ಹೋಗ್ರಿ" ಎಂದು ಪ್ರತಿ ಸಲ ಕರೆಯುತ್ತಾನೆ. ನಾನು ಹೊರಗೆ ನಿಂತೇ ಮಾತಾಡಿಸಿ ಮುಂದೆ ನಡೆಯುತ್ತೇನೆ. ಒಳಗೆ ಹೋಗಬೇಕೆಂದರೆ ಬಾಗಿಲಲ್ಲಿ ಚಪ್ಪಲಿ ಬಿಚ್ಚಬೇಕು. ನಾನು ಇನ್ನೂ ಬಿಚ್ಚಿಲ್ಲ.