ಅವರ ಹೆಸರಿನಲ್ಲಿ ನಾನು ಒತ್ತಿದ ಉತ್ತರ

ಸಿದ್ದಾಪುರದ ನಮ್ಮ ಕಚೇರಿಗೆ ಹೊಸ ತಂತ್ರಾಂಶ ಬಂದ ದಿನ ಪೇಡೆ ಹಂಚಿದರು. ನಾನು ಎರಡು ತಿಂದೆ. ಪುಕ್ಕಟೆ ಸಿಹಿ ಹಂಚಿದರೆ ನನಗೆ ಮೊದಲಿನಿಂದಲೂ ಅನುಮಾನ, ಆದರೂ ಬಿಡುವವನಲ್ಲ.

ನಮ್ಮದು ಬೆಳೆಗಾರರ ಸಂಘವೊಂದರ ಶಾಖೆ. ಮುಖ್ಯ ಕಚೇರಿ ಶಿರಸಿಯಲ್ಲಿ, ಇನ್ನೊಂದು ಶಾಖೆ ಯಲ್ಲಾಪುರದಲ್ಲಿ. ನಾನು ಹಿರಿಯ ಗುಮಾಸ್ತ. ನನ್ನ ಎದುರು ಮೇಜಿನ ಮಹಿಳೆ ಹತ್ತಿರದ ಕೋಲಸಿರ್ಸಿ ಊರಿನವರು. ಬಂದ ಪತ್ರಗಳಿಗೆ ನಂಬರು ಕೊಟ್ಟು ಆಯಾ ಮೇಜಿಗೆ ತಲುಪಿಸುವ ಟಪಾಲು ಕೆಲಸ ಅವರದು. ಅವರ ಗಂಡ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ದಿನಾ ಮಧ್ಯಾಹ್ನ ಇವರು ಸ್ಕೂಟಿಯಲ್ಲಿ ಮನೆಗೆ ಹೋಗಿ, ಅವರನ್ನು ಮಗ್ಗಲು ಬದಲಿಸಿ ಮಲಗಿಸಿ, ಗಂಜಿ ಕುಡಿಸಿ ಬರಬೇಕಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹೊಸ ತಂತ್ರಾಂಶದಲ್ಲಿ ಒಂದೊಂದು ಪತ್ರವನ್ನೂ ಸ್ಕ್ಯಾನ್ ಮಾಡಿ ಹದಿನಾಲ್ಕು ಖಾನೆ ತುಂಬಬೇಕು. ಕರೆಂಟು ಹೋದರೆ ಏನು ಗತಿ ಎಂದು ನಮ್ಮ ವ್ಯವಸ್ಥಾಪಕರು ಹಳೆಯ ಪುಸ್ತಕದಲ್ಲೂ ಬರೆಯಲು ಹೇಳಿದರು. ಹೀಗಾಗಿ ಟಪಾಲಿನವರ ಕೆಲಸ ಎರಡು ಪಟ್ಟಾಯಿತು. ಇದಕ್ಕೆ ಕಾರ್ಯಕ್ಷಮತೆ ಎಂದು ಹೆಸರು! ನನಗೆ ಮೈಯೆಲ್ಲ ಉರಿಯುತ್ತಿತ್ತು, ಬಾಯಿ ಮಾತ್ರ ಬಿಡಲಿಲ್ಲ.

ಅದಕ್ಕಿಂತ ಕೆಟ್ಟದ್ದು ಆ ಚುಕ್ಕಿ. ಪ್ರತಿಯೊಬ್ಬರ ಹೆಸರಿನ ಮುಂದೂ ಒಂದು ಹಸಿರು ಚುಕ್ಕಿ. ಹತ್ತು ನಿಮಿಷ ಕೀಲಿಮಣೆ ಮುಟ್ಟದಿದ್ದರೆ ಅದು ಕೆಂಪಾಗುತ್ತದೆ, ಶಿರಸಿಯಲ್ಲಿ ಕುಳಿತವರಿಗೆ ಕಾಣುತ್ತದೆ. ಚಹಾಕ್ಕೆ ಎದ್ದವರೂ ನಿಂತೇ ಕುಡಿದು ಓಡಿ ಬರತೊಡಗಿದರು. ಹರಟೆ ನಿಂತಿತು. ಅರ್ಜಿ ಹಿಡಿದು ಬಂದ ಮುದುಕರ ಮುಖವನ್ನೂ ನಾವು ನೋಡುತ್ತಿರಲಿಲ್ಲ.

ಮಧ್ಯಾಹ್ನ ಎದುರು ಮೇಜಿನವರ ಚುಕ್ಕಿ ಕೆಂಪಾಗುವುದನ್ನು ಮೂರು ದಿನ ನೋಡಿದೆ. ನಾಲ್ಕನೆಯ ದಿನ, "ನಿಮ್ಮ ಪಾಸ್‌ವರ್ಡ್ ಕೊಡಿ, ನೀವು ಬರುವ ತನಕ ನಾನು ನೋಡಿಕೊಳ್ಳುತ್ತೇನೆ" ಎಂದೆ. ಅವರು ಚೀಟಿಯಲ್ಲಿ ಬರೆದುಕೊಟ್ಟರು. ಅಂದಿನಿಂದ ಅವರು ಊರಿನಲ್ಲಿ ಗಂಜಿ ಕುಡಿಸುವಾಗ ಇಲ್ಲಿ ನಾನು ಅವರ ಮೌಸ್ ಅಲ್ಲಾಡಿಸುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಜಂಬವೂ ನನಗಿತ್ತು.

ಎರಡು ತಿಂಗಳ ನಂತರ, ತಂತ್ರಾಂಶದ ಕಂಪನಿಯಿಂದ ಬಂದು ಮೊದಲು ನಮಗೆ ತರಬೇತಿ ಕೊಟ್ಟಿದ್ದ ಹುಬ್ಬಳ್ಳಿಯ ಮಹಿಳೆ ಮತ್ತೆ ಬಂದರು. ನಮ್ಮ ಜತೆಯಲ್ಲೇ ಊಟ ಮಾಡಿದರು, ನನ್ನ ಹೆಂಡತಿ ಕಳಿಸಿದ ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡರು. ಆಮೇಲೆ ಎಲ್ಲರ ಪರದೆಯ ಮೇಲೂ ಒಂದು ಪ್ರಶ್ನಾವಳಿ ತೆರೆಯಿತು. ನಿಮ್ಮ ಕೆಲಸ ನಿಮಗೆ ತೃಪ್ತಿ ಕೊಡುತ್ತಿದೆಯೇ? ಹೊಸ ವ್ಯವಸ್ಥೆಯಿಂದ ಎಷ್ಟು ಸಮಯ ಉಳಿದಿದೆ?

"ಖರೇ ಏನೈತಿ ಅದನ್ನ ಹಾಕ್ರಿ ಸರ್, ಸಂಕೋಚ ಮಾಡ್ಕೋಬ್ಯಾಡ್ರಿ" ಎಂದು ಅವರು ನಗುತ್ತ ನನ್ನ ಬೆನ್ನ ಹಿಂದೆಯೇ ನಿಂತರು.

ಉಂಡು ಎದ್ದ ಅತಿಥಿಯ ಎದುರು ಅವರ ಕೆಲಸವನ್ನು ಹಳಿಯುವುದು ನಮ್ಮ ಕಡೆಯ ಜಾಯಮಾನವಲ್ಲ. ಕಚೇರಿಯಲ್ಲಿದ್ದ ಅಷ್ಟೂ ಜನ 'ತುಂಬ ತೃಪ್ತಿ' ಒತ್ತಿದರು. ಸಮಯದ ಪ್ರಶ್ನೆಗೆ ನಾನು ನನ್ನ ಹೆಸರಿನಲ್ಲಿ 'ಸ್ವಲ್ಪ' ಎಂದು ಒತ್ತಿದೆ. ಅಷ್ಟು ಎಚ್ಚರ ನನಗಿತ್ತು. ಆಕೆ ಅತ್ತ ಸರಿದ ಮೇಲೆ ಎದುರು ಮೇಜಿಗೆ ಹೋದೆ. ಟಪಾಲಿನವರು ಇನ್ನೂ ಮನೆಯಿಂದ ಬಂದಿರಲಿಲ್ಲ. ಕೆಂಪು ಚುಕ್ಕಿಯ ಹಳೆಯ ಮೂರು ದಿನ ನೆನಪಾಗಿ, ಅವರ ಬಗ್ಗೆ ಒಳ್ಳೆಯ ಅಭಿಪ್ರಾಯ ಬರಲಿ ಎಂದು ಅವರ ಪರದೆಯಲ್ಲಿ ಅದೇ ಸಮಯದ ಪ್ರಶ್ನೆಗೆ ಧಾರಾಳವಾಗಿ 'ಅರ್ಧಕ್ಕಿಂತ ಹೆಚ್ಚು' ಒತ್ತಿಬಿಟ್ಟೆ.

ಮೂರು ವಾರಕ್ಕೆ ಶಿರಸಿಯಿಂದ ಆದೇಶ ಬಂತು. ಟಪಾಲಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗಿದೆ ಎಂದು ಸಂಬಂಧಪಟ್ಟ ಸಿಬ್ಬಂದಿಯೇ ತಿಳಿಸಿರುವುದರಿಂದ, ಅದನ್ನು ಹಿರಿಯ ಗುಮಾಸ್ತರಿಗೆ ವಹಿಸಿ, ಆ ಸಿಬ್ಬಂದಿಯನ್ನು ಯಲ್ಲಾಪುರ ಶಾಖೆಗೆ ವರ್ಗಾಯಿಸಲಾಗಿದೆ. ಯಲ್ಲಾಪುರಕ್ಕೆ ಶಿರಸಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಮಧ್ಯಾಹ್ನ ಮನೆಗೆ ಬಂದು ಹೋಗುವ ಮಾತೇ ಇಲ್ಲ.

ಟಪಾಲು ಒಡೆಯುವವರು ಅವರೇ ಆದ್ದರಿಂದ ಮೊದಲು ಓದಿದವರೂ ಅವರೇ. ಕಾಗದವನ್ನು ನನ್ನ ಮುಂದೆ ಇಟ್ಟರು. "ಎನ್ನ ಕೆಲಸ ಕಡಿಮೆ ಆಜು ಹೇಳಿ ಆನು ಯಾವಾಗ ಹೇಳಿದ್ದಿ?" ಎಂದರು, ತಾವು ಹಾಗೆ ಹೇಳಿದ ನೆನಪೇ ಇಲ್ಲ ಎಂಬಂತೆ. ನಾನು ಕಾಗದವನ್ನು ಮೊದಲಿನಿಂದ ಓದುವವನಂತೆ ತಲೆ ಬಗ್ಗಿಸಿದೆ. ಅವರೇ ಮುಂದುವರಿಸಿದರು: "ಆ ಹುಬ್ಬಳ್ಳಿಯವೇ ಬರಕಂಡಿಕ್ಕು."

ಹುಬ್ಬಳ್ಳಿಯವರೇ ಬರೆದುಕೊಂಡಿರಬೇಕು ಎಂಬ ಅವರ ಊಹೆಗೆ ನಾನು ಇಲ್ಲ ಎನ್ನಲಿಲ್ಲ.

ಮನವಿ ಬರೆದುಕೊಡಿ ಎಂದು ಅವರು ನನ್ನನ್ನೇ ಕೇಳಿದರು. ಕಚೇರಿಯಲ್ಲಿ ನನ್ನ ಬರವಣಿಗೆಗೆ ಒಳ್ಳೆಯ ಹೆಸರು. ಗಂಡನ ಬೆನ್ನಿನ ಹುಣ್ಣು, ಮಧ್ಯಾಹ್ನದ ಗಂಜಿ, ಎರಡೆರಡು ಸಲ ನಮೂದಿಸುವ ಪತ್ರಗಳು, ಎಲ್ಲವನ್ನೂ ಬರೆದೆ. ಬರೆಯುತ್ತ ನನ್ನ ಕಣ್ಣೂ ತುಂಬಿತು. ಆ ಉತ್ತರ ಒತ್ತಿದ್ದು ನಾನು ಎಂಬ ಒಂದು ಸಾಲು ಮಾತ್ರ ಉಳಿದಿತ್ತು. ಬೇರೆಯವರ ಪಾಸ್‌ವರ್ಡ್ ಬಳಸಿದವರನ್ನು ಮನೆಗೆ ಕಳಿಸುತ್ತಾರೆಂದು ನನಗೆ ಗೊತ್ತಿತ್ತು. ಕೊನೆಗೆ 'ತಮ್ಮ ವಿಶ್ವಾಸಿ' ಎಂದು ಬರೆದು ಮುಗಿಸಿದೆ.

ಅವರು ನಿಂತಲ್ಲೇ ಎರಡು ಸಲ ಓದಿದರು. "ಚೊಲೋ ಬರದ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ನಾನು ಬಿಟ್ಟ ಜಾಗದಲ್ಲಿ ಸಹಿ ಹಾಕಿದರು.