ಮುತ್ಲಕ್ ಇಟ್ಟ ಮೆಟ್ಟಿಲು

ಮುತ್ಲಕ್ ತೀರಿಕೊಂಡು ನಲವತ್ತು ದಿನವಾಯಿತು. ಅವನ ಬಗ್ಗೆ ನಾಲ್ಕು ಮಾತು ಬರೆಯಿರೆಂದು ಮನೆಯವರು ಕೇಳಿದ್ದಾರೆ. ಊರಿನ ಶಾಲೆಯ ಮೇಷ್ಟ್ರು ನಾನೇ ತಾನೆ. ಬರೆಯುವ ಮುಂಚೆ ಒಂದನ್ನು ಹೇಳಿಬಿಡುತ್ತೇನೆ: ನಲವತ್ತು ವರ್ಷ ಅವನನ್ನು ಕಂಡು ಹೊಟ್ಟೆಕಿಚ್ಚು ಪಟ್ಟವನು ನಾನು.

ಅವನು ಬೇಟೆಗಾರನ ಮಗ. ನಮ್ಮ ಮರಳುಗಾಡಿನ ಕಣಿವೆ ವಾದಿ ರಮ್‌ನ ಬಂಡೆಗಳು ಕರಗಿ ಇಳಿದ ಮೇಣದ ಹಾಗಿವೆ. ಕಾಡುಮೇಕೆ ಹೋದಲ್ಲೆಲ್ಲ ಅವನೂ ಬರಿಗಾಲಲ್ಲಿ ಹೋಗುತ್ತಿದ್ದ. ಅವನ ಕಾಲು ನೀಳ, ನನ್ನದು ಮೋಟು.

ಊರ ಹಿಂದಿನ ಬೆಟ್ಟದ ತುದಿಗಿಂತ ಸ್ವಲ್ಪ ಕೆಳಗೆ ನುಣುಪಾದ ಗೋಡೆಯೊಂದಿದೆ. ಹದಿನೇಳರ ಮುತ್ಲಕ್ ಒಂದೇ ನೆಗೆತಕ್ಕೆ ಅದರ ಅಂಚು ಹಿಡಿದ. ನನಗೆ ಎಟುಕಲಿಲ್ಲ.

“ಅಲ್ಲೇ ಟೀ ಕಾಯಿಸ್ತಿರೋ, ಒಂಟೆ ಮರಿ!” ಎಂದು ಮೇಲಿನಿಂದ ನಕ್ಕ.

ಕೆಳಗಿಳಿದ ಮೇಲೆ ಎಲ್ಲರಿಗೂ “ಇಬ್ರೂ ತುದಿ ಮುಟ್ಟಿದ್ವಿ” ಎಂದ. ಆ ಸುಳ್ಳು ನಗುವಿಗಿಂತ ಹೆಚ್ಚು ಚುಚ್ಚಿತು. ಮರುವರ್ಷ ಅಲ್ಲಿ ಜುನಿಪರ್ ಮರದ ಕಾಂಡವೊಂದನ್ನು ಒರಗಿಸಿ, ಬುಡಕ್ಕೆ ಕಲ್ಲು ಒತ್ತಿದ.

“ನಮ್ಮ ಅಜ್ಜಂದಿರೂ ಹಿಂಗೇ ಹತ್ತಿದ್ದು. ಕಾಲಿಡೋ.”

“ನಿನ್ನ ಭಿಕ್ಷೆ ಯಾರಿಗೆ ಬೇಕು?” ಎಂದು ಅದನ್ನು ಒದ್ದೆ. ಕಾಂಡ ಕಮರಿಗೆ ಬಿತ್ತು. ಆಮೇಲೆ ನಾನು ಆ ಬೆಟ್ಟಕ್ಕೆ ಹೋಗಲಿಲ್ಲ.

ಮುಂದೆ ಬಂಡೆ ಹತ್ತಲೆಂದು ಪರದೇಶದವರು ಹಗ್ಗ ಹೊತ್ತು ಬಂದರು. ಅವರ ಭಾಷೆ ಬಲ್ಲವನು ನಾನು. ಅವರ ಕಣ್ಣೆಲ್ಲ ಮುತ್ಲಕ್‌ನ ಪಾದದ ಮೇಲೆ.

ಹೋದ ವಾರ ಅವನ ಮಗಳು ಫಿದ್ದಾ ಬಂದಳು. “ಚಿಕ್ಕಪ್ಪಾ, ನೀವೂ ಅಪ್ಪನೂ ಹತ್ತಿದ ದಾರೀಲಿ ನನ್ನೂ ತುದಿಗೆ ಕರ್ಕೊಂಡು ಹೋಗಿ. ಅದನ್ನ ಬಲ್ಲೋರು ಇನ್ಯಾರಿದ್ದಾರೆ?”

ಇಲ್ಲವೆನ್ನಲು ಬಾಯಿ ಬರಲಿಲ್ಲ. ದಾರಿಯುದ್ದಕ್ಕೂ ಗೋಡೆಯದೇ ಚಿಂತೆ. ಮುಟ್ಟಿದಾಗ ನೋಡುತ್ತೇನೆ: ಕಾಂಡವೊಂದು ಒರಗಿ ನಿಂತಿದೆ, ಬುಡದಲ್ಲಿ ಕಲ್ಲು.

“ಓ, ಇದೇನಾ!” ಎಂದಳು ಫಿದ್ದಾ. “ಪ್ರತಿ ವರ್ಷ ಚಳಿ ಕಳೆದ ಮೇಲೆ ಅಪ್ಪ ‘ಮೆಟ್ಟಿಲು ನೋಡ್ಕೊಂಡು ಬರ್ತೀನಿ’ ಅಂತ ಹೋಗೋನು. ಯಾರಿಗಪ್ಪಾ ಅಂದ್ರೆ, ‘ಒಬ್ಬ ಹಠಮಾರಿ ಇದ್ದಾನೆ’ ಅನ್ನೋನು.”

ನಾನು ಬಂಡೆಗೆ ಒರಗಿ ಕೂತೆ. “ಇಲ್ಲಿಂದ ಮೇಲಕ್ಕೆ ನಾನು ಹೋಗೇ ಇಲ್ಲ, ಮಗಳೇ. ನಿಮ್ಮಪ್ಪ ಸುಳ್ಳು ಹೇಳ್ದ.”

“ಹಂಗಾದ್ರೆ ಇವತ್ತು ನಿಜ ಮಾಡಿ, ಬನ್ನಿ” ಎಂದವಳು ಮೆಟ್ಟಿಲ ಕಡೆ ನೋಡದೆ, ಒಂದೇ ನೆಗೆತಕ್ಕೆ ಅಂಚು ಹಿಡಿದಳು. ಅದೇ ನೀಳ ಕಾಲು. ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ.

ಕಾಂಡದ ಮೇಲೆ ಕಾಲಿಟ್ಟೆ. ಅಲುಗಲಿಲ್ಲ. ನನ್ನ ಮೋಟು ಕಾಲಿಗೆ ಸರಿಯಾದ ಎತ್ತರ.

ತುದಿ ಮುಟ್ಟುವಷ್ಟರಲ್ಲಿ ಅವಳು ಟೀಗೆ ಬೆಂಕಿ ಹೊತ್ತಿಸಿ ಕೂತಿದ್ದಳು.