ನನ್ನ ಮುದ್ದೆ, ಅವಳ ಫೋಟೋ

ಮುದ್ದೆ ಫೋಟೋಗೆ ಒಗ್ಗುವ ಪದಾರ್ಥವಲ್ಲ ಎಂದೇ ನಾನು ನಂಬಿದ್ದೆ. ಕಂದುಗಪ್ಪಾಗಿ, ದುಂಡಗೆ, ತಟ್ಟೆ ನಡುವೆ ಸುಮ್ಮನೆ ಕೂತಿರುತ್ತದೆ. ಅದರ ಚೆಂದವೇನಿದ್ದರೂ ಗಂಟಲಿಗೆ ಗೊತ್ತು, ಕಣ್ಣಿಗಲ್ಲ. ಹಾಗಂದುಕೊಂಡು ಆರಾಮಾಗಿದ್ದ ಕಾಲದಲ್ಲಿ ಮೈದುನನಿಗೆ ಮದುವೆಯಾಯಿತು. ಬಂದ ಓರಗಿತ್ತಿ ಒಂದು ಭಾನುವಾರ ನಾನು ಕಟ್ಟಿಟ್ಟಿದ್ದ ಮುದ್ದೆಯನ್ನು ಬಸ್ಸಾರಿನ ಸಮೇತ ಎತ್ತಿಕೊಂಡು ಹೋಗಿ ಕಿಟಕಿ ಪಕ್ಕ ಇಟ್ಟು, ಫೋನಿನಲ್ಲಿ ಒಂದು ಫೋಟೋ ತೆಗೆದಳು. ಅದನ್ನು ಮನೆಯವರ ಗುಂಪಿಗೆ ಹಾಕಿದಳು. ನನ್ನ ಗಂಡ ಫೋನ್ ನೋಡುತ್ತಾ, "ಅಬ್ಬಾ, ನೋಡಿದ್ರೇ ಹಸಿವಾಗುತ್ತೆ ಕಣೇ" ಅಂದರು. ಆಗ ಅವರ ಬಾಯಲ್ಲಿದ್ದದ್ದು ಅದೇ ಮುದ್ದೆ. ಇಷ್ಟು ವರ್ಷ ತಿಂದವರು ಒಂದು ದಿನವೂ ಆ ಮಾತು ಆಡಿದವರಲ್ಲ.

ನಮ್ಮದು ಬ್ಯಾಟರಾಯನಪುರದಲ್ಲಿ ಮೂರು ಅಂತಸ್ತಿನ ಮನೆ. ಅದು ಇನ್ನೂ ಹಳ್ಳಿಯಾಗಿದ್ದಾಗ ಕೊಂಡ ಜಾಗ. ಕೆಳಗೆ ಅತ್ತೆ, ನಡುವೆ ನಾವು, ಮೇಲೆ ಮೈದುನ ಮತ್ತು ಅವಳು. ಅವಳಿಗೆ ಹೆಬ್ಬಾಳದ ಕಡೆ ಆಫೀಸು, ವಾರದ ಅರ್ಧ ದಿನಗಳು ಮನೆಯಿಂದಲೇ ಕೆಲಸ. ಅಡುಗೆ ಅಂದರೆ ಅನ್ನ, ತಿಳಿಸಾರು, ಆಮ್ಲೆಟ್ಟು. ಅದಕ್ಕಿಂತ ಆಚೆಗೆ ಏನು ಬೇಕಾದರೂ ಮೆಟ್ಟಿಲಿಳಿದು ನನ್ನ ಅಡುಗೆಮನೆಗೇ ಬರಬೇಕು. ಬರುತ್ತಿದ್ದಳು, ಫೋನ್ ಹಿಡಿದುಕೊಂಡು.

ಅವಳ ಹತ್ತಿರ ದೊಡ್ಡ ಕ್ಯಾಮೆರಾ ಇದ್ದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಸಾಮಾನಿನ ಮಹಿಮೆ ಎಂದು ಸುಮ್ಮನಾಗಬಹುದಿತ್ತು. ಇವಳು ಬಳಸುತ್ತಿದ್ದದ್ದೆಲ್ಲ ನನ್ನದೇ ಸಾಮಾನು. ನಾನು ಅಟ್ಟಕ್ಕೆ ಹಾಕಿದ್ದ ಮೊರವನ್ನು ಇಳಿಸಿ ಅದರ ಮೇಲೆ ಚಕ್ಕುಲಿ ಹರಡಿದಳು. ಮಾವನವರ ಹಳೆ ಪಂಚೆಯನ್ನು ಮಡಿಸಿ ತಟ್ಟೆ ಕೆಳಗೆ ಹಾಸಿದಳು. ಫ್ರಿಜ್ಜಿನ ಡಬ್ಬದಲ್ಲಿ ಬಂದಿದ್ದ ಥರ್ಮಕೋಲನ್ನು ನಾನು ಕಸಕ್ಕೆ ಹಾಕಬೇಕೆಂದಿದ್ದೆ. ಅವಳು ಅದನ್ನು ಕಿಟಕಿಯ ಎದುರು ನಿಲ್ಲಿಸಿದಳು. ಒಂದು ಕಡೆಯಿಂದ ಬಿದ್ದ ಬೆಳಕು ಅದಕ್ಕೆ ತಾಗಿ ಮುದ್ದೆಯ ಇನ್ನೊಂದು ಕೆನ್ನೆಗೂ ಬಂತು. ಮುದ್ದೆಗೆ ಕೆನ್ನೆ ಇದೆ ಅಂತ ನನಗೆ ಗೊತ್ತಾದದ್ದೇ ಆವತ್ತು. ಮಜ್ಜಿಗೆ ಲೋಟದ ಹೊರಮೈಗೆ ನೀರು ಚಿಮುಕಿಸುತ್ತಿದ್ದಳು, ಆಗ ಅದು ಈಗಷ್ಟೇ ಮಡಕೆಯಿಂದ ಬಗ್ಗಿಸಿದ ಹಾಗೆ ಕಾಣುತ್ತಿತ್ತು. ಕಾಫಿಯನ್ನು ಎತ್ತರದಿಂದ ಸುರಿದು, ನೊರೆ ಇಳಿಯುವ ಮೊದಲೇ ಟಕ್ಕಂತ ಫೋಟೋ ತೆಗೆದುಬಿಡುತ್ತಿದ್ದಳು. ಕಾಫಿ ಆಮೇಲೆ ಆರಿ ತಣ್ಣಗಾಗುತ್ತಿತ್ತು. ಅದನ್ನು ಬಿಸಿ ಮಾಡಿಕೊಂಡು ಕುಡಿಯುತ್ತಿದ್ದವಳು ನಾನು.

ಅವಳ ದೊಡ್ಡ ಉಪಾಯ ಬೇರೆಯೇ ಇತ್ತು. ಎಲ್ಲ ಜೋಡಿಸಿದ ಮೇಲೆ ಊಟವನ್ನು ಸ್ವಲ್ಪ ಕೆಡಿಸುತ್ತಿದ್ದಳು. ವಡೆಯನ್ನು ಅರ್ಧ ಮುರಿದು ಇಡುತ್ತಿದ್ದಳು. ಮುದ್ದೆಯ ಒಂದು ಪಕ್ಕ ಬೆರಳಲ್ಲಿ ಕಿತ್ತು, ಆ ತುತ್ತನ್ನು ಸಾರಿನಲ್ಲಿ ಅದ್ದಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಯಾಕೆ ಹಾಳು ಮಾಡ್ತೀಯ ಅಂತ ಕೇಳಿದ್ದಕ್ಕೆ, "ಮುಟ್ಟದೇ ಇರೋ ಊಟ ಅಂಗಡಿ ಗಾಜಿನ ಒಳಗಿಟ್ಟಂಗೆ ಕಾಣ್ಸುತ್ತೆ ಅಕ್ಕಾ. ಯಾರೋ ಈಗಷ್ಟೇ ತಿನ್ನೋಕೆ ಕೂತ್ರು ಅನ್ನಿಸ್ಬೇಕು" ಅಂದಳು.

ಆ ಫೋಟೋಗಳು ನೆಂಟರಿಗೆಲ್ಲ ಹೋದವು. ದಾಸರಹಳ್ಳಿಯ ಚಿಕ್ಕತ್ತೆ ಫೋನ್ ಮಾಡಿ, "ಕಿರಿ ಸೊಸೆ ಕೈ ಬಲು ಚೆನ್ನಾಗೈತಂತಲ್ಲ" ಅಂದರು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುವ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಬಡಿಸದೆ ಬರೀ ಫೋಟೋ ತೆಗೆದವಳು ಇಬ್ಬರಿಗಿಂತಲೂ ಮೇಲಾಗುವ ಕಾಲ ಬರುತ್ತದೆಂದು ಗಾದೆ ಕಟ್ಟಿದವರಿಗೂ ಹೊಳೆದಿರಲಿಲ್ಲ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಉರಿಯಿತು.

ಅವಳಿಗೆ ಬರುವುದು ನನಗೇಕೆ ಬಾರದು ಅಂತ ನಾನೂ ಶುರು ಮಾಡಿದೆ. ಅವಳು ಆಫೀಸಿಗೆ ಹೋದ ದಿನ ನೋಡಿ, ಉಪ್ಸಾರು ಮುದ್ದೆಯನ್ನು ತಾರಸಿಗೆ ಒಯ್ದೆ. ಕಿಟಕಿ ಬೆಳಕೇ ಅಷ್ಟು ಚೆಂದ ಅಂದರೆ ಪೂರ್ತಿ ಬಿಸಿಲು ಇನ್ನೆಷ್ಟು ಚೆಂದ ಇರಬೇಡ ಎಂಬುದು ನನ್ನ ಲೆಕ್ಕಾಚಾರ. ಫೋಟೋದಲ್ಲಿ ಮುದ್ದೆ ಗುಂಡುಕಲ್ಲಿನ ಹಾಗೆ ಬಂತು, ಅದರ ಮೇಲೆ ನನ್ನ ತಲೆಯ ನೆರಳು ಬೇರೆ. ಹೊಳಪು ಬರಲಿ ಅಂತ ಎಣ್ಣೆ ಸವರಿದೆ, ಎಣ್ಣೆ ಸ್ನಾನಕ್ಕೆ ಕೂತ ಬೋಳುತಲೆ ಆಯಿತು. ನೆರಳಿಗೆಂದು ತಂತಿ ಮೇಲೆ ಬೆಡ್‌ಶೀಟ್ ಎಳೆಯುವಷ್ಟರಲ್ಲಿ ಕಾಗೆ ಬಂದು ಮುದ್ದೆಯ ನೆತ್ತಿ ಕಿತ್ತುಕೊಂಡು ಹೋಯಿತು. ನನ್ನ ಫೋನೇ ಸರಿಯಿಲ್ಲ ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಂಜೆ ಅವಳದೇ ಫೋನ್ ಇಸಕೊಂಡು ಕದ್ದು ಒಂದು ತೆಗೆದು ನೋಡಿದೆ. ನೆಲ ನೆಟ್ಟಗೇ ಇತ್ತು.

ಇರಲಿ, ನನಗೆ ಅಂತ ಒಂದು ಜಾಗ ಇತ್ತು. ಅಲ್ಲಿಗೆ ಅವಳು ಬರುವ ಹಾಗಿರಲಿಲ್ಲ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರ ಫೋಟೋ ಮುಂದೆ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುವುದು. ಹಿರಿಯರು ಬಂದು ಉಣ್ಣುವ ಹೊತ್ತು ಅದು, ಇಣುಕಬಾರದು. ಎಡೆ ಅಡುಗೆಯ ಉಪ್ಪು ಖಾರ ಕೂಡ ನೋಡುವಂತಿಲ್ಲ, ನೋಡಿದರೆ ಎಂಜಲು. ಮಾವ ತೀರಿಕೊಂಡ ಮೇಲೆ ಎರಡು ವರ್ಷ ಅಡುಗೆಯೂ ನನ್ನದೇ, ಎಡೆ ಇಡುವ ಕೈಯೂ ನನ್ನದೇ. ಹಿರಿಸೊಸೆಯ ಹಕ್ಕು ಅದು. ಮಾವ ಬದುಕಿದ್ದಾಗ ನಾನು ಕಟ್ಟಿದ ಮುದ್ದೆ ಬಿಟ್ಟು ಬೇರೆಯವರದ್ದು ಮುಟ್ಟುತ್ತಿರಲಿಲ್ಲ. "ಗಂಟಿಲ್ದೆ ಕಟ್ತಾಳೆ ನಮ್ಮವ್ವ" ಅನ್ನುತ್ತಿದ್ದರು. ಅವರೊಬ್ಬರು ಯಾವತ್ತೂ ಯಾರ ಫೋಟೋ ನೋಡಿಯೂ ಹಸಿದವರಲ್ಲ.

ಹೋದ ವರ್ಷ ಹಬ್ಬಕ್ಕೆ ಮುಂಚೆ ಅತ್ತೆ ನನ್ನನ್ನು ಕರೆದರು. "ಈ ಸಲ ಎಡೆ ಕಿರಿಯವ್ಳು ಇಡಲಿ ಕಣವ್ವಾ. ಅವ್ಳು ಜೋಡ್ಸಿದ್ರೆ ನೋಡಕ್ಕೆ ಲಕ್ಷಣವಾಗಿರ್ತದೆ. ನೀನು ಅಡಿಗೆ ನೋಡ್ಕೊ."

ನಾನು ಆಯಿತತ್ತೆ ಅಂದೆ. ಒಳಗೆ ಹೋಗಿ ಈರುಳ್ಳಿ ಹೆಚ್ಚಲು ಕೂತೆ. ಹೆಚ್ಚಬೇಕಾಗಿದ್ದಕ್ಕಿಂತ ಜಾಸ್ತಿಯೇ ಹೆಚ್ಚಿದೆ.

ಹಬ್ಬದ ದಿನ ಮಟನ್ ಸಾರು, ಬೋಟಿ ಗೊಜ್ಜು, ಇಡ್ಲಿ, ವಡೆ, ಕಜ್ಜಾಯ, ಮುದ್ದೆ, ಅನ್ನ, ಎಲ್ಲ ಮುಗಿಸಿ ಕೆಳಗಿನ ಮನೆಯ ನಡುಕೋಣೆಗೆ ಸಾಗಿಸಿದೆ. ಅವಳು ಎಡೆ ಇಟ್ಟಳು. ನನಗೆ ಅದರಲ್ಲಿ ಒಂದಾದರೂ ತಪ್ಪು ಬೇಕಿತ್ತು, ಸಿಗಲಿಲ್ಲ. ಮಾವನ ಫೋಟೋ ಪಕ್ಕ ಹೊಸ ಪಂಚೆ, ಅದರ ಮೇಲೆ ಬೀಡಿ ಕಟ್ಟು, ಬೆಂಕಿಪೊಟ್ಟಣ. ಅವರ ಬ್ರಾಂದಿಯನ್ನು ಬಾಟಲಿಯಲ್ಲೇ ಇಡುತ್ತಿದ್ದೆ ನಾನು. ಇವಳು ಅವರು ದಿನಾ ಕುಡಿಯುತ್ತಿದ್ದ ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಬಲಗೈಗೆ ಎಟಕುವ ಹಾಗೆ ಇಟ್ಟಿದ್ದಳು. ಗಂಡಸರು ಧೂಪ ಹಾಕಿದರು, ಎಲ್ಲರೂ ಅಡ್ಡಬಿದ್ದು ಹೊರಗೆ ಬಂದೆವು. "ನಾನು ಬಾಗ್ಲು ಹಾಕ್ಕೊಂಡು ಬರ್ತೀನಿ" ಅಂತ ಅವಳು ಹಿಂದೆ ಉಳಿದಳು.

ವೀಳ್ಯದೆಲೆ ಮರೆತಿದ್ದು ನನಗೆ ಆಗ ನೆನಪಾಯಿತು. ತಟ್ಟೆ ಹಿಡಿದು ಹಿಂದಕ್ಕೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಅವಳು ಎಡೆ ಮುಂದೆ ಮಂಡಿಯೂರಿ ಫೋನ್ ಹಿಡಿದಿದ್ದಳು. ಮಾವನ ಎಡೆಯ ಫೋಟೋ! ನಾನು ಕೂಗಬೇಕು ಅನ್ನುವಷ್ಟರಲ್ಲಿ ಅವಳ ಎಡಗೈ ಮುಂದೆ ಹೋಯಿತು. ಯೋಚನೆಯಿಲ್ಲ, ಅನುಮಾನವಿಲ್ಲ. ದಿನಾ ಕಿತ್ತು ಕಿತ್ತು ರೂಢಿಯಾದ ಬೆರಳು ಮುದ್ದೆಯ ಒಂದು ಪಕ್ಕ ಕಿತ್ತಿತು, ಸಾರಿಗೆ ತಾಗಿಸಿ ಎಲೆಯ ಅಂಚಿಗೆ ಇಟ್ಟಿತು. ಒಂದು ಫೋಟೋ ತೆಗೆದಳು. ತಾನೇನು ಮಾಡಿದೆ ಅನ್ನುವುದು ಅವಳಿಗೇ ತಿಳಿಯಲಿಲ್ಲ.

ನನಗೆ ತಿಳಿಯಿತು. ಹಿರಿಯರು ಉಣ್ಣುವ ಮೊದಲು ಎಡೆ ಮುಟ್ಟಿ ಮುರಿದಿದ್ದಳು, ಅದೂ ಎಡಗೈಯಲ್ಲಿ. ನಾನು ಆಗಲೇ ಒಳಗೆ ಹೋಗಿದ್ದರೆ ಬೇರೆ ಮುದ್ದೆ ಕಟ್ಟಿ ತಂದು ಇಡಬಹುದಿತ್ತು. ಹೋಗಲಿಲ್ಲ. ಗೋಡೆಗೆ ಒರಗಿ ನಿಂತೆ. ಅವಳು ಹೊರಗೆ ಬಂದಾಗ ಆಗಷ್ಟೇ ಬಂದವಳ ಹಾಗೆ ವೀಳ್ಯದೆಲೆ ಕೊಟ್ಟು, "ಬಾಗಿಲ ಹತ್ರಾನೇ ಇಟ್ಬಿಡು" ಅಂದೆ. ಅವಳು ಕೈ ಮಾತ್ರ ಒಳಗೆ ಚಾಚಿ ಇಟ್ಟು ಬಾಗಿಲು ಹಾಕಿದಳು. ಅತ್ತೆ ಬಾಗಿಲು ತೆಗೆದಾಗ ಇಡೀ ಮನೆ ನೋಡುತ್ತದೆ, ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ. ವರ್ಷಗಟ್ಟಲೆ ಉರಿದ ಹೊಟ್ಟೆಗೆ ತಣ್ಣೀರು ಬಿದ್ದಂತಾಯಿತು. ಜಗಲಿಯಲ್ಲಿ ಕೂತು ಮೈದುನನ ಜೊತೆ ನಕ್ಕು ಮಾತಾಡಿದೆ ಕೂಡ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಎದ್ದರು. ಬಾಗಿಲ ಮುಂದೆ ನಿಂತು, ಒಳಗಿರುವವರಿಗೆ ಸೂಚನೆ ಕೊಡುವ ಹಾಗೆ ಒಂದು ಸಲ ಕೆಮ್ಮಿ, ತೆಗೆದರು. ನಾನು ಅವರ ಬೆನ್ನಿಗೇ ನಿಂತಿದ್ದೆ. ಅತ್ತೆ ಎಡೆ ನೋಡಿದರು. ಹತ್ತಿರ ಹೋಗಿ ಬಗ್ಗಿ ನೋಡಿದರು. ಈಗ ಬೈಗುಳ ಶುರುವಾಗುತ್ತದೆ ಅಂತ ಕಾದೆ.

"ಬಂದಿದ್ರು" ಅಂದರು ಅತ್ತೆ.

ಅತ್ತೆ ನೆಲಕ್ಕೆ ಕೂತುಬಿಟ್ಟರು. "ನೋಡ್ರೋ, ಮುದ್ದೆ ಮುರಿದವ್ರೆ. ಅಂಗೇ ಅಲ್ವಾ ಅವ್ರು ಮುರೀತಿದ್ದಿದ್ದು? ಮೊದ್ಲ ತುತ್ತು ಅದ್ದಿ ಪಕ್ಕಕ್ಕೆ ಇಟ್ಕೊಳ್ಳೋರು." ಆಮೇಲೆ ನನ್ನ ಕಡೆ ತಿರುಗಿದರು. ಬೈಯುವ ದನಿ ಅಲ್ಲವೇ ಅಲ್ಲ, ಸಂತೋಷದ ದನಿ. "ಎರಡು ವರ್ಷ ನೀನು ಇಟ್ಟೆ, ಒಂದು ಅಗುಳೂ ಅಲುಗಿರ್ಲಿಲ್ಲ. ಈ ಸಲ ಇವ್ಳ ಕೈಗೆ ಬಂದ್ರು ನೋಡವ್ವಾ."

ಆ ಮಾತು ನನಗೆ ಎಲ್ಲಿ ತಾಗಿತೆಂದು ಹೇಳಲು ಬರುವುದಿಲ್ಲ. ನಾನು ಕಟ್ಟಿದ ಮುದ್ದೆ ಬಿಟ್ಟು ಬೇರೆ ತಿನ್ನದ ಮಾವ, ನಾನು ಇಟ್ಟಾಗ ಬರಲಿಲ್ಲ, ಅವಳು ಇಟ್ಟಾಗ ಬಂದರು. ಅವರೆ ಬೇಳೆಯನ್ನೂ ಚಪ್ಪರದವರೆಯನ್ನೂ ಒಂದೇ ಅನ್ನುವವಳ ಕೈಗೆ. ಇವಳೇ ಮುರಿದದ್ದು, ನಾನು ಕಣ್ಣಾರೆ ಕಂಡೆ, ಬೇಕಿದ್ದರೆ ಅವಳ ಫೋನ್ ತೆಗೆದು ನೋಡಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಓರಗಿತ್ತಿಯ ಮುಖ ನೋಡಿದೆ. ಅವಳಿಗೆ ಆಗಷ್ಟೇ ಅರ್ಥವಾಗಿತ್ತು. ತನ್ನ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು.

ಅತ್ತೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. "ನೀನೇ ಅಲ್ವಾ ಕಟ್ಟಿದ್ದು? ಒಳಗೆ ಕೊಟ್ಟಾಗ ದುಂಡಗೆ ಇತ್ತು ತಾನೇ? ಸರಿಯಾಗಿ ಯೋಳು."

ಮನೆಯಲ್ಲಿ ಸಾಕ್ಷಿ ಹೇಳಲು ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಅತ್ತೆ ಮಣಿಕಟ್ಟು ಬಿಡಲಿಲ್ಲ.

"ದುಂಡಗೇ ಇತ್ತತ್ತೆ" ಅಂದೆ. "ನಾನೇ ಕಟ್ಟಿದ್ದು."

ಅತ್ತೆ ಆ ಎಲೆಯನ್ನೇ ತಮ್ಮ ಮುಂದಕ್ಕೆ ಎಳೆದುಕೊಂಡರು. ಮಾವ ಇದ್ದಾಗ ಅವರು ಉಂಡೆದ್ದ ಎಲೆಯಲ್ಲೇ ಕೂತು ಉಣ್ಣುವುದು ಅತ್ತೆಯ ಹಳೆಯ ರೂಢಿ. ಮಾವ ಹೋದ ಮೇಲೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಅಂತ ಬಿಟ್ಟೇಬಿಟ್ಟಿದ್ದರು. ಆ ದಿನ ಅಂಚಿನಲ್ಲಿದ್ದ ತುತ್ತನ್ನು ಮೊದಲು ಬಾಯಿಗೆ ಹಾಕಿಕೊಂಡು, ಉಳಿದ ಮುದ್ದೆಯನ್ನೂ ಪೂರ್ತಿ ಉಂಡರು. ಉಪ್ಪು ಸರಿಯಾಗಿದೆ ಅಂದರು. ನನಗೆ ಅಂತ ಸಿಕ್ಕಿದ್ದು ಅಷ್ಟೇ.

ಎಲ್ಲರದ್ದೂ ಊಟ ಆದ ಮೇಲೆ ಓರಗಿತ್ತಿ ಅಡುಗೆಮನೆಗೆ ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಅಳುವಾಗಲೂ ಅವಳು ಚೆಂದವೇ ಕಾಣುತ್ತಾಳೆ, ಅದಕ್ಕೂ ನನಗೆ ಸಿಟ್ಟು ಬಂತು.

"ಅಕ್ಕಾ, ನೀವು ನೋಡಿದ್ರಿ ಅಲ್ವಾ? ಬಾಗಿಲ ಹತ್ರ ಇದ್ರಿ."

"ನೋಡ್ದೆ."

"ಫೋಟೋ ಆಗ್ಲೇ ಅಳಿಸಿ ಹಾಕ್ದೆ. ಅತ್ತೆಗೆ ಹೇಳ್ಬಿಡ್ತೀನಿ ಅಕ್ಕಾ, ನಂಗೆ ಭಯ ಆಗ್ತಿದೆ. ಇಲ್ಲಾಂದ್ರೆ ಮುಂದಿನ ವರ್ಷ ನೀವೇ ಎಡೆ ಇಡಿ, ನೀವೇ ಸ್ವಲ್ಪ ಮುರಿದು ಬಿಡಿ. ಆಗ ನಿಮ್ಮ ಕೈಗೂ ಬಂದ್ರು ಅಂತಾರೆ."

ಆ ಯೋಚನೆ ನನಗೆ ಬಂದಿರಲಿಲ್ಲವೆಂದಲ್ಲ. ಪಾತ್ರೆ ಉಜ್ಜುವಾಗ ಬಂದಿತ್ತು, ಆಸೆಯೂ ಆಗಿತ್ತು. ಆದರೆ ಮಾವ ಬರುತ್ತಾರೆ ಅಂತ ನಂಬಿ ಬಾಗಿಲು ಹಾಕುವವಳು ನಾನು. ಅವರ ಎಲೆಗೆ ನನ್ನ ಬೆರಳು ಹೋಗುವುದಿಲ್ಲ.

"ನೀನೇ ಇಡು" ಅಂದೆ. "ಮುಂದಿನ ವರ್ಷಾನೂ ನೀನೇ, ಆಮೇಲೂ ನೀನೇ. ಅತ್ತೆ ಇರೋವರೆಗೂ ಮುರಿಯೋದು ಮಾತ್ರ ಮರೀಬೇಡ."